ಹೂವಿನ ಜೊತೆ ಕುಂಡವನ್ನೂ ತೋರಿಸಿ

ಹೋದ ತಿಂಗಳು ನಮ್ಮ ದಾಸವಾಳ ಹೂ ಬಿಟ್ಟಿತು. ನಾಲ್ಕು ತಿಂಗಳು ಬರೀ ಎಲೆ ತೋರಿಸಿ ಸತಾಯಿಸಿದ ಗಿಡ. ಬೆಳಗ್ಗೆ ಎದ್ದು ನೋಡಿದರೆ ಅಂಗೈಯಗಲದ ಕೆಂಪು ಹೂವು! ಹಲ್ಲುಜ್ಜುವುದನ್ನೂ ಬಿಟ್ಟು ಫೋನ್ ತಂದು ಮೂವತ್ತು ಫೋಟೊ ಹೊಡೆದೆ. ದಾಸವಾಳದ ಆಯಸ್ಸು ಹೆಚ್ಚೂಕಡಿಮೆ ಒಂದೇ ದಿನ. ಆಮೇಲೆ ಸುರುಳಿ ಸುತ್ತಿಕೊಂಡು ಉದುರಿಬಿಡುತ್ತದೆ. ಅವಸರ ಮಾಡದೆ ಇರಲು ಆಗುತ್ತಾ?

ಫೋಟೊ ನೋಡಿದರೆ ಹೂವೇನೋ ಚೆನ್ನಾಗಿದೆ, ಕೆಳಗೆ ನಮ್ಮ ಒಡೆದ ಬಕೆಟ್ಟು. ಅದೇ ಆ ಗಿಡದ ಕುಂಡ. ಪಕ್ಕದಲ್ಲಿ ಒಂದು ಒಣಕಲು ಕೊಂಬೆ, ಹಿಂದೆ ಹಗ್ಗದ ಮೇಲೆ ಒಗೆದ ಬಟ್ಟೆ. ಎಲ್ಲವನ್ನೂ ಕ್ರಾಪ್ ಮಾಡಿ, ಹೂವೊಂದನ್ನೇ ಉಳಿಸಿ ಹಾಕಿದೆ. ಲೈಕು, ಹಾರ್ಟು ಸುರಿದವು. ಮಧ್ಯೆ ಒಬ್ಬರು ಕೇಳಿದರು: "ಹೂವು ಚೆಂದ ಇದೆ. ತೊಟ್ಟಿನ ಹತ್ತಿರ ಬಿಳಿ ಹತ್ತಿ ಥರ ಇದೆಯಲ್ಲ, ಅದೇನು?"

ನಿಜ ಹೇಳುತ್ತೇನೆ, ಸಿಟ್ಟು ಬಂತು. ಹೂವು ನೋಡಿ ಅಂತ ಹಾಕಿದರೆ ತೊಟ್ಟು ನೋಡುತ್ತಾರಲ್ಲ ಅಂತ. ಉತ್ತರ ಕೊಡಲಿಲ್ಲ. ಸಂಜೆ ಅವರದೇ ಇನ್ನೊಂದು ಮಾತು ಬಂತು: "ಇಡೀ ಗಿಡದ್ದು ಒಂದು ಫೋಟೊ ಹಾಕ್ತೀರಾ? ಎಲೆ ಮಗುಚಿ ಇನ್ನೊಂದು."

ಮನಸ್ಸಿಲ್ಲದ ಮನಸ್ಸಿನಿಂದ ಎಲೆ ಮಗುಚಿದೆ. ಎಲೆ ಕಾಂಡಕ್ಕೆ ಸೇರುವ ಸಂದಿಯಲ್ಲೆಲ್ಲ ಹಿಟ್ಟು ಉದುರಿಸಿದ ಹಾಗೆ ಬಿಳಿ. ಕಡ್ಡಿಯಲ್ಲಿ ಕೆದಕಿದರೆ ಆ ಹತ್ತಿಯೊಳಗೆ ಮೆತ್ತನೆಯ ಸಣ್ಣ ಹುಳ, ಮೆಲ್ಲಗೆ ಕಾಲಾಡಿಸುತ್ತಿತ್ತು. ಹಿಟ್ಟು ತಿಗಣೆ, ಅಂದರೆ ಮೀಲಿಬಗ್. ಕಾಂಡದ ಮೇಲೆ ಇರುವೆಗಳ ಸಾಲು ವಾರಗಳಿಂದಲೂ ಇತ್ತು. ಹೂವಿನ ಸಿಹಿಗೆ ಬಂದಿರಬೇಕು ಅಂದುಕೊಂಡು ಸುಮ್ಮನಿದ್ದೆ. ಹೂವೇ ಬಿಡದ ಗಿಡದಲ್ಲಿ ಯಾವ ಸಿಹಿ ಅಂತ ನನಗೆ ಹೊಳೆಯಲೇ ಇಲ್ಲ ನೋಡಿ. ಈ ಹುಳಗಳು ಗಿಡದ ರಸ ಹೀರಿ ಸಿಹಿಯಾದ ಅಂಟು ಹೊರಹಾಕುತ್ತವೆ. ಇರುವೆಗೆ ಬೇಕಾಗಿದ್ದು ಅದು. ಅದಕ್ಕಾಗಿ ಹುಳಗಳನ್ನು ತಿನ್ನಲು ಬರುವ ಬೇರೆ ಕೀಟಗಳನ್ನು ಓಡಿಸುತ್ತವೆ. ಹೆಚ್ಚುಕಡಿಮೆ ಹಸು ಸಾಕಿದ ಹಾಗೆ ಸಾಕುತ್ತವೆ.

ಆಮೇಲೆ ಎರಡು ವಾರ ಅದೇ ಕೆಲಸ. ನೀರಿನ ಪೈಪು ಹಿಡಿದು ರಭಸವಾಗಿ ತೊಳೆದೆ, ಸಂದಿಯಲ್ಲಿ ಇದ್ದದ್ದನ್ನು ಹಳೇ ಬ್ರಷ್‌ನಲ್ಲಿ ಉಜ್ಜಿದೆ, ಬಿಸಿಲು ಇಳಿದ ಮೇಲೆ ಬೇವಿನೆಣ್ಣೆ ಹೊಡೆದೆ. ಒಂದು ಸಲಕ್ಕೆ ಮುಗಿಯಲ್ಲ, ಆ ಬಿಳಿ ಹತ್ತಿಯ ಒಂದೊಂದು ಗಂಟಿನಲ್ಲೂ ನೂರಾರು ಮೊಟ್ಟೆ ಇರಬಹುದು. ಗಿಡ ಉಳಿಯಿತು. ನಾನು ಕ್ರಾಪ್ ಮಾಡುವಾಗ ಕಣ್ತಪ್ಪಿ ಉಳಿದ ಒಂದು ಬಿಳಿ ಚುಕ್ಕೆಯಿಂದ ಉಳಿಯಿತು.

ಅವತ್ತಿನಿಂದ ಬೇರೆಯವರ ಹೂವಿನ ಫೋಟೊ ನೋಡುವ ರೀತಿಯೇ ಬದಲಾಗಿದೆ. ಗುಲಾಬಿಯ ಫೋಟೊ ಬಂದರೆ ಕಣ್ಣು ಅಂಚಿಗೆ ಹೋಗುತ್ತದೆ. ಕುಂಡ ಎಲ್ಲಿ? ಮಣ್ಣು ಒದ್ದೆ ಇದೆಯಾ? ಬಿಸಿಲು ಯಾವ ಕಡೆಯಿಂದ? ಏನೂ ಕಾಣುವುದಿಲ್ಲ. ಪರದೆ ತುಂಬ ಹೂವು, ಹಿಂದೆ ಮಸುಕು. ಕೆಳಗೆ ಯಾರೋ "ಹೇಗೆ ಬೆಳೆಸಿದಿರಿ" ಅಂತ ಕೇಳಿರುತ್ತಾರೆ. ಉತ್ತರ: ಕೈಮುಗಿಯುವ ಚಿತ್ರ.

ಎಲೆ ಹಳದಿಯಾಗಿದೆ, ಏನು ಮಾಡಲಿ ಅಂತ ಕೇಳುವವರದೂ ಇದೇ ಕಥೆ. ಒಂದು ಎಲೆ ಕಿತ್ತು, ಅಂಗೈ ಮೇಲಿಟ್ಟು ಫೋಟೊ ಹಾಕುತ್ತಾರೆ. ಆ ಎಲೆ ಗಿಡದ ಬುಡದ್ದೋ ತುದಿಯದ್ದೋ? ಅರ್ಧ ಉತ್ತರ ಇರುವುದು ಅಲ್ಲೇ. ಸಾರಜನಕ ಕಡಿಮೆಯಾದರೆ ಗಿಡ ಹಳೇ ಎಲೆಯಿಂದ ಅದನ್ನು ಎಳೆದು ಹೊಸ ಚಿಗುರಿಗೆ ಕೊಡುತ್ತದೆ. ಅದಕ್ಕೇ ಮೊದಲು ಕೆಳಗಿನ ಎಲೆ ಹಳದಿಯಾಗುತ್ತದೆ. ಕಬ್ಬಿಣವನ್ನು ಹಾಗೆ ಸುಲಭವಾಗಿ ಸಾಗಿಸಲು ಬರುವುದಿಲ್ಲ. ಅದು ಕಡಿಮೆಯಾದರೆ ಹಳದಿ ಬೀಳುವುದು ಚಿಗುರೆಲೆ, ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಕಿತ್ತ ಎಲೆ ಇದನ್ನೆಲ್ಲ ಪೂರ್ತಿ ಹೇಳುತ್ತಾ? ಇನ್ನು ನೀರು ಜಾಸ್ತಿಯಾಗಿ ಬೇರು ಕೊಳೆತಿದ್ದರೆ ಎಲೆ ಬಿಡಿ, ಕುಂಡದ ತಳದಲ್ಲಿ ತೂತು ಇದೆಯಾ ಅಂತಲೇ ನೋಡಬೇಕು. ಒಮ್ಮೆ ನಾನೇ ರಾತ್ರಿ ಹಳದಿ ಬಲ್ಬಿನ ಕೆಳಗೆ ಫೋಟೊ ತೆಗೆದು ಹಾಕಿದ್ದೆ. ಐದಾರು ಜನ ಐದಾರು ಗೊಬ್ಬರ ಹೇಳಿದರು. ಬೆಳಗ್ಗೆ ನೋಡಿದರೆ ಎಲೆ ಹಸಿರಾಗಿಯೇ ಇತ್ತು!

ಬಣ್ಣದ ಮಾತು ಬಂತಲ್ಲ, ಒಂದು ಮಾತು. ಕೆಂಪು ಹೂವನ್ನು ಸುಡು ಬಿಸಿಲಲ್ಲಿ ತೆಗೆಯಬೇಡಿ. ಕ್ಯಾಮೆರಾ ಕೆಂಪು, ಹಸಿರು, ನೀಲಿಯನ್ನು ಬೇರೆ ಬೇರೆಯಾಗಿ ಅಳೆಯುತ್ತದೆ. ಕೆಂಪಿನ ಅಳತೆ ತುಂಬಿ ಹೋದರೆ ಎಸಳಿನ ಮಡಿಕೆ, ನರ ಎಲ್ಲ ಮಾಯ, ಉಳಿಯುವುದು ಒಂದು ಕೆಂಪು ಮುದ್ದೆ. ಮೋಡ ಕವಿದಾಗ ಇಲ್ಲವೇ ನೆರಳಲ್ಲಿ ತೆಗೆಯಿರಿ, ಪರದೆ ಮೇಲೆ ಹೂವನ್ನು ಮುಟ್ಟಿ ಬೆಳಕು ಸ್ವಲ್ಪ ಇಳಿಸಿ. ಅಷ್ಟೇ.

ಗಿಡದ ಫೋಟೊ ಅಂದಾಗ ನನಗೆ ನೆನಪಾಗುವುದು ಅನ್ನಾ ಅಟ್ಕಿನ್ಸ್. ಇಂಗ್ಲೆಂಡಿನ ಹೆಂಗಸು. 1843ರಲ್ಲಿ ಕಡಲಪಾಚಿಗಳ ನೀಲಿ ಚಿತ್ರಗಳ ಪುಸ್ತಕ ಮಾಡಲು ಹೊರಟರು. ಫೋಟೊಗಳಿರುವ ಮೊದಲ ಪುಸ್ತಕ ಅಂತ ಅದನ್ನೇ ಸಾಮಾನ್ಯವಾಗಿ ಹೇಳುತ್ತಾರೆ. ಕ್ಯಾಮೆರಾ ಇಲ್ಲ. ಮದ್ದು ಸವರಿದ ಕಾಗದದ ಮೇಲೆ ಪಾಚಿಯನ್ನೇ ಇಟ್ಟು ಬಿಸಿಲಿಗೆ ಒಡ್ಡುವುದು, ಆಮೇಲೆ ನೀರಲ್ಲಿ ತೊಳೆಯುವುದು. ಸುತ್ತ ನೀಲಿ, ಪಾಚಿ ಇದ್ದ ಜಾಗ ಬಿಳಿ. ಕಾಗದದ ಮೇಲೆ ಏನಿಟ್ಟರೆ ಅದು ಹಾಗೇ ಬರುತ್ತದೆ. ಹರಿದ ತುದಿ ಇದ್ದರೆ ಹರಿದ ತುದಿಯೂ ಬರುತ್ತದೆ. ನನ್ನ ಬಕೆಟ್ಟನ್ನು ಮುಚ್ಚಿಡಲು ಅಲ್ಲಿ ದಾರಿಯೇ ಇರುತ್ತಿರಲಿಲ್ಲ.

"ಖುಷಿಗೆ ಒಂದು ಹೂವು ಹಾಕುತ್ತೇವೆ, ಅದಕ್ಕೂ ನಿಮ್ಮ ತಕರಾರಾ" ಅಂತ ಗೆಳತಿಯೊಬ್ಬಳು ಬೈದಳು. ತಕರಾರಿಲ್ಲ ಮಾರಾಯ್ತಿ, ಹಾಕು. ನನಗೂ ಬೆಳಗ್ಗೆ ಫೋನ್ ತೆಗೆದ ಕೂಡಲೇ ಯಾರದೋ ಮನೆಯ ಸಂಪಿಗೆ ಕಂಡರೆ ದಿನ ಚೆನ್ನಾಗಿ ಶುರುವಾಗುತ್ತದೆ. ಆದರೆ ಮೊದಲ ಸಲ ಗಿಡ ನೆಟ್ಟವರು ಈ ಫೋಟೊಗಳನ್ನೇ ನೋಡಿ ನೋಡಿ, ತಮ್ಮ ಗಿಡದ ಒಂದು ಎಲೆ ಉದುರಿದರೂ "ನನ್ನ ಕೈಗುಣವೇ ಸರಿಯಿಲ್ಲ" ಅಂತ ಕೈಬಿಡುತ್ತಾರೆ. ಅಂಥ ಇಬ್ಬರನ್ನು ನಾನು ಕಂಡಿದ್ದೇನೆ. ಒಬ್ಬರ ಗಿಡಕ್ಕೆ ಬೇಕಾಗಿದ್ದು ಸ್ವಲ್ಪ ದೊಡ್ಡ ಕುಂಡ, ಅಷ್ಟೇ. ಕೈಗುಣದ ಮಾತೇ ಬೇಡ, ಎಷ್ಟು ಗಿಡ ಸಾಯಿಸಿ ಕಲಿತಿರಿ ಅಂತ ಹೇಳಿ. ನನ್ನ ಲೆಕ್ಕ ಹನ್ನೊಂದು. ಅದರಲ್ಲಿ ನಾಲ್ಕು ತುಳಸಿ, ನಾಲ್ಕೂ ನೀರು ಜಾಸ್ತಿ ಕುಡಿದೇ ಹೋದವು.

ಇವತ್ತು ದಾಸವಾಳ ಮತ್ತೆ ಬಿಟ್ಟಿದೆ, ಎರಡು. ಫೋಟೊ ಕೆಳಗಿದೆ. ಬಕೆಟ್ಟು, ಹಗ್ಗ, ಬಟ್ಟೆ, ಅಂಟಿಸಿದ ಟೇಪು, ಎಲ್ಲ ಇದೆ. ಎಡಗಡೆ ಮೂರನೇ ಎಲೆಯ ಬುಡ ಝೂಮ್ ಮಾಡಿ ನೋಡಿ. ಒಂದು ಬಿಳಿ ಚುಕ್ಕೆ ಇದೆಯಲ್ಲ, ಅದು ಬೇವಿನೆಣ್ಣೆಯ ಕಲೆಯಾ ಅಥವಾ ಅವೇ ಮತ್ತೆ ಬಂದವಾ?