ಚದರಡಿ ಲೆಕ್ಕದ ಕನ್ನಡ

ಕನ್ನಡವನ್ನು ಉಳಿಸುವುದು ಹೇಗೆಂಬ ಹಳೆಯ ಪ್ರಶ್ನೆಗೆ ನಮ್ಮ ಸರ್ಕಾರ ಕೊನೆಗೂ ಅಳತೆಪಟ್ಟಿಯಲ್ಲಿ ಉತ್ತರ ಕಂಡುಕೊಂಡಿದೆ. ನಾಮಫಲಕದ ಶೇ 60ರಷ್ಟು ಭಾಗ ಕನ್ನಡದಲ್ಲಿರಬೇಕು, ಅದೂ ಫಲಕದ ಮೇಲ್ಭಾಗದಲ್ಲಿರಬೇಕು ಎಂಬ ನಿಯಮ 2024ರ ತಿದ್ದುಪಡಿಯಿಂದ ಗಟ್ಟಿಯಾದ ಮೇಲೆ ಬೆಂಗಳೂರಿನ ಅಂಗಡಿಗಳ ಹಣೆಯಲ್ಲಿ ಕನ್ನಡ ಅಡಿಗಟ್ಟಲೆ ಬೆಳೆಯಿತು. ಶೇ 60 ಎನ್ನುವುದು ಜಾಗದ ಲೆಕ್ಕವೇ ಹೊರತು ಕಾಗುಣಿತದ ಲೆಕ್ಕವಲ್ಲವಾದ್ದರಿಂದ, ‘ಭೇಕರಿ’ ಎಂದು ಮೂರಡಿ ಎತ್ತರಕ್ಕೆ ಬರೆಸಿದವರು ಕಾನೂನುಪಾಲಕರಾಗಿಯೂ, ‘ಬೇಕರಿ’ ಎಂದು ಮೂಲೆಯಲ್ಲಿ ಒಂದಡಿಯಷ್ಟೇ ಬರೆಸಿದವರು ನೋಟಿಸಿಗೆ ಅರ್ಹರಾಗಿಯೂ ಉಳಿದಿದ್ದಾರೆ.

ಮಹಾಪ್ರಾಣವನ್ನು ಹಿಂದಿನ ಮೇಷ್ಟ್ರುಗಳು ‘ಹೊಟ್ಟೆ ಸೀಳಿದ ಅಕ್ಷರ’ ಎಂದು ಕಲಿಸುತ್ತಿದ್ದರು. ಇಂದಿನ ಫಲಕಗಳನ್ನು ಓದುತ್ತ ಹೋದರೆ, ಈ ಶಸ್ತ್ರಚಿಕಿತ್ಸೆ ಬೇಕಾದ ಅಕ್ಷರಕ್ಕೆ ಸಿಗದೆ, ಬೇಡವೆಂದ ಅಕ್ಷರಕ್ಕೆ ಬಲವಂತವಾಗಿ ನಡೆಯುತ್ತಿರುವುದು ಕಾಣುತ್ತದೆ. ‘ಭಾವಪೂರ್ಣ ಶ್ರದ್ದಾಂಜಲಿ’ಯಲ್ಲಿ ಮಹಾಪ್ರಾಣ ಹೋಗಿರುವುದನ್ನು ಸಂದರ್ಭಕ್ಕೆ ತಕ್ಕುದೆಂದು ಹೇಗೋ ಒಪ್ಪಬಹುದು; ಹುಟ್ಟುಹಬ್ಬದ ಫಲಕದಲ್ಲಿ ಹಾರೈಸುವ ‘ಧೀರ್ಘಾಯುಷ್ಯ’ದಲ್ಲಿ ಒಂದು ಪ್ರಾಣ ಹೆಚ್ಚುವರಿಯಾಗಿ ಸಿಕ್ಕಿರುವುದಕ್ಕೂ ಯಾರೂ ತಕರಾರು ಮಾಡಲಾರರು. ಆದರೆ ಬದುಕೂ ಸಾವೂ ಎರಡೂ ನಡೆಯದ ಸರ್ಕಾರಿ ಕಚೇರಿಯ ಬಾಗಿಲಲ್ಲಿ ‘ಕಛೇರಿ’ ಎಂದು ಚಕಾರದ ಹೊಟ್ಟೆಯನ್ನು ಏತಕ್ಕಾಗಿ ಸೀಳಿದ್ದಾರೆಂಬುದು ಮಾತ್ರ ಅರ್ಥವಾಗುವುದಿಲ್ಲ.

ಊಟದ ವಿಚಾರಕ್ಕೆ ಬಂದರೆ, ‘ಶುದ್ಧ ಸಸ್ಯಾಹಾರಿ ಹೋಟೆಲ್’ ಎಂದರೆ ಸೊಪ್ಪುಸದೆ ತಿನ್ನುವುದು ಹೋಟೆಲೇ ಎಂದಾಗುತ್ತದೆ. ಈ ತೊಡಕನ್ನು ತಪ್ಪಿಸಲೆಂದೋ ಏನೋ, ಅನೇಕರು ದೀರ್ಘವನ್ನು ಕತ್ತರಿಸಿ ‘ಸಸ್ಯಹಾರಿ’ ಎಂದು ಬರೆಸುತ್ತಾರೆ. ಅಪಹರಿಸುವವನೂ ‘ಹಾರಿ’ಯೇ ಆದ್ದರಿಂದ, ಅಲ್ಲಿ ಗಿಡಮರಗಳನ್ನು ಕದ್ದೊಯ್ಯಲಾಗುತ್ತದೆ ಎಂಬ ಪ್ರಾಮಾಣಿಕ ಘೋಷಣೆಯನ್ನು ತಲೆಯ ಮೇಲೆ ಹೊತ್ತ ಹೋಟೆಲುಗಳು ನಿಶ್ಚಿಂತೆಯಿಂದ ಇಡ್ಲಿ ಬಡಿಸುತ್ತಿವೆ.

ಈ ಕಲೆ ಪೂರ್ಣವಾಗಿ ಅರಳುವುದು ಫ್ಲೆಕ್ಸಿನಲ್ಲಿ. 2018ರಲ್ಲಿ ಹೈಕೋರ್ಟು ಗದರಿಸಿದ ಮೇಲೆ ಬೆಂಗಳೂರಿನಲ್ಲಿ ಫ್ಲೆಕ್ಸ್ ನಿಷಿದ್ಧವಾಯಿತೆಂಬುದನ್ನು ನೆನೆದರೆ, ಇರಲೇಬಾರದ ವಸ್ತುವಿನ ಮೇಲಿನ ಕಾಗುಣಿತವನ್ನು ಎತ್ತಿ ಆಡುವುದು ಅಧಿಕಪ್ರಸಂಗವೆನಿಸಬಹುದು. ಆದರೂ ಅಚ್ಚಿಗೆ ಹೋಗುವ ಮುನ್ನ ಅದರ ಕರಡನ್ನು ಯಾರೂ ನೋಡುವುದಿಲ್ಲ ಎಂದರೆ ಅಪಚಾರವಾಗುತ್ತದೆ. ನವೆಂಬರ್ ತಿಂಗಳ ಕರಡನ್ನು ಕನಿಷ್ಠ ಏಳೆಂಟು ಜನ ಮೊಬೈಲಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ಪರಿಶೀಲಿಸುತ್ತಾರೆ. ಶಾಸಕರ ಮುಖ ಮಾಜಿ ಶಾಸಕರ ಮುಖಕ್ಕಿಂತ ಒಂದು ಗೆರೆಯಷ್ಟಾದರೂ ದೊಡ್ಡದಿದೆಯೇ, ವಾರ್ಡಿನ ಅಧ್ಯಕ್ಷರ ಕೈ ಮುಗಿದ ಚಿತ್ರ ಕೆಳಸಾಲಿಗೆ ಜಾರಿದೆಯೇ, ಯುವ ನಾಯಕರೊಬ್ಬರ ಬಿರುದು ಬಿಟ್ಟುಹೋಗಿದೆಯೇ ಎಂದೆಲ್ಲ ಚರ್ಚಿಸಿ, ಎರಡು ಬಾರಿ ತಿದ್ದಿಸಿ, ನಡುರಾತ್ರಿ ಒಪ್ಪಿಗೆ ಕೊಟ್ಟ ಮೇಲೆ, ‘ಕನ್ನಡ ರಾಜ್ಯೋಸ್ತವದ ಆರ್ಥಿಕ ಶುಭಾಷಯಗಳು’ ಬೆಳಗಾಗುವಷ್ಟರಲ್ಲಿ ವೃತ್ತದಲ್ಲಿ ನಿಂತಿರುತ್ತವೆ. ಇದರಲ್ಲಿ ‘ಆರ್ಥಿಕ’ ಎಂಬುದನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ. ಚಂದಾ ಎತ್ತಿ ನಿಲ್ಲಿಸಿದ ಶುಭಾಶಯವು ಹಾರ್ದಿಕವಾಗಿರುವುದಕ್ಕಿಂತ ಆರ್ಥಿಕವಾಗಿರುವ ಸಂಭವವೇ ಹೆಚ್ಚು. ಮುದ್ರಕರನ್ನು ದೂರುವಂತೆಯೂ ಇಲ್ಲ. ಫ್ಲೆಕ್ಸಿನ ದರ ಚದರಡಿಗೆ ಇಷ್ಟೆಂದು ಗೊತ್ತಾಗಿದೆ, ಕಾಗುಣಿತಕ್ಕೆ ಪ್ರತ್ಯೇಕ ದರವಿಲ್ಲ.

ಬಡಪಾಯಿಗಳ ತಪ್ಪನ್ನು ಹೀಗೆ ಆಡಿಕೊಳ್ಳುವವರು ಕೋಟಿಗಟ್ಟಲೆ ವಹಿವಾಟಿನ ಕಂಪನಿಗಳ ಜಾಹೀರಾತನ್ನೂ ನೋಡಬೇಕು. ಕನ್ನಡ ಲಿಪಿಯ ವ್ಯವಸ್ಥೆಯನ್ನು ಅಳವಡಿಸಿಕೊಳ್ಳದ ವಿನ್ಯಾಸದ ತಂತ್ರಾಂಶಕ್ಕೆ ಅಕ್ಷರಗಳನ್ನು ತಂದು ಸುರಿದರೆ ಒತ್ತಕ್ಷರಗಳ ಅವಿಭಕ್ತ ಕುಟುಂಬ ಒಡೆದು, ‘ಕನ್‌ನಡಿಗರಿಗೆ ಹಬ್‌ಬದ ಕೊಡುಗೆ’ ಎಂದು ಪ್ರತಿಯೊಬ್ಬ ಸದಸ್ಯನೂ ಬೇರೆ ಮನೆ ಮಾಡುತ್ತಾನೆ. ವಾಕ್ಯ ಮೊದಲು ಹುಟ್ಟುವುದು ಬೇರೆ ಊರಿನಲ್ಲಿ, ಬೇರೆ ಭಾಷೆಯಲ್ಲಿ. ಕನ್ನಡಕ್ಕೆ ಬರುವಾಗ ಅದು ‘ಪಡೆಯಿರಿ 50% ರಿಯಾಯಿತಿ ಮೇಲೆ ಎಲ್ಲಾ ಬಟ್ಟೆಗಳು’ ಎಂಬ ರೂಪ ತಾಳುತ್ತದೆ. ಬಟ್ಟೆಗೆ ಅರ್ಧ ಬೆಲೆ ಕಡಿಮೆ ಮಾಡಿದವರು ವಿಭಕ್ತಿ ಪ್ರತ್ಯಯಕ್ಕೆ ಪೂರ್ತಿ ರಿಯಾಯಿತಿ ಕೊಟ್ಟಿದ್ದಾರೆ.

ಜಾಹೀರಾತನ್ನು ಓದದೆ ಮುಂದೆ ಸಾಗುವ ಸ್ವಾತಂತ್ರ್ಯವಾದರೂ ನಮಗಿದೆ. ಪ್ರಶ್ನೆಪತ್ರಿಕೆಯ ಮುಂದೆ ಕುಳಿತವರಿಗೆ ಅದೂ ಇಲ್ಲ. ಕರ್ನಾಟಕ ಲೋಕಸೇವಾ ಆಯೋಗವು 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳಿಗಾಗಿ 2024ರ ಆಗಸ್ಟ್ 27ರಂದು ನಡೆಸಿದ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಗಳನ್ನು ಅರ್ಥಮಾಡಿಕೊಳ್ಳಲು ಕನ್ನಡ ಮಾಧ್ಯಮದ ಅಭ್ಯರ್ಥಿಗಳು ಇಂಗ್ಲಿಷ್ ಪ್ರಶ್ನೆಗಳ ಮೊರೆ ಹೋಗಬೇಕಾಯಿತು. ಗದ್ದಲವೆದ್ದು, ಮುಖ್ಯಮಂತ್ರಿಗಳೇ ಮರುಪರೀಕ್ಷೆಗೆ ಆದೇಶಿಸಿ, ಡಿಸೆಂಬರ್ 29ರಂದು ಅದು ನಡೆದಾಗ ಅಲ್ಲಿಯೂ ಅನುವಾದದ ದೋಷಗಳು ಕಾಣಿಸಿಕೊಂಡವು. ತಪ್ಪಿನಲ್ಲಿಯೂ ಇಂಥ ನಿಷ್ಠೆ ಅಪರೂಪ. ಇದೇ ಆಯೋಗದ ಮುಖ್ಯ ಪರೀಕ್ಷೆಯಲ್ಲಿ 150 ಅಂಕಗಳ ಕಡ್ಡಾಯ ಕನ್ನಡ ಪತ್ರಿಕೆಯೊಂದಿದ್ದು, ಅದರಲ್ಲಿ ಶೇ 35 ಅಂಕ ಪಡೆಯದ ಅಭ್ಯರ್ಥಿಯ ಉಳಿದ ಉತ್ತರಗಳು ಎಷ್ಟು ಚೆನ್ನಾಗಿದ್ದರೂ ಅವರಿಗೆ ಹುದ್ದೆಯ ಆಸೆ ಇಲ್ಲ. ಆ ಪತ್ರಿಕೆಯನ್ನು ಪ್ರಶ್ನೆಗಳನ್ನು ಅನುವಾದಿಸುವವರಿಗೆ ಮೊದಲು ಕೊಡಬೇಕೆಂದು ಯಾರೂ ಇದುವರೆಗೆ ಅರ್ಜಿ ಹಾಕಿದಂತಿಲ್ಲ.