ಕುರ್ಚಿ ಸಿಕ್ಕಿದ ಕೂಡಲೇ ಕತೆ ಮುಗೀತಾ?

ಇವತ್ತು ಆಫೀಸಲ್ಲಿ ಮತ್ತೊಂದು ‘ಲೀಡರ್‌ಶಿಪ್’ ತರಬೇತಿ. ಬಂದಿದ್ದ ಮಹಾಶಯರು ನೈಜೆಲ್ ವಾಕರ್ ಫೋಟೊ ಹಾಕಿ, ಮೊದಲು ಓಟ, ಆಮೇಲೆ ರಗ್ಬಿ, ಕೊನೆಗೆ ವೇಲ್ಸ್ ದೇಶದ ರಗ್ಬಿ ನಡೆಸೋ ವೆಲ್ಷ್ ರಗ್ಬಿ ಯೂನಿಯನ್ನಿನ ಸಿಇಒ, ಎಲ್ಲಾ ಶಿಸ್ತಿನ ಫಲ ಅಂತ ಕೈತೊಳೆದುಕೊಂಡರು. ಚಪ್ಪಾಳೆಯೋ ಚಪ್ಪಾಳೆ. ನಂಗೆ ಮೈಯೆಲ್ಲಾ ಉರಿದುಹೋಯ್ತು. ಯುರೋಪಿನ ಆರು ದೇಶಗಳ ರಗ್ಬಿ ಟೂರ್ನಿ ಸಿಕ್ಸ್ ನೇಷನ್ಸ್ ಶುರುವಾದ್ರೆ ನಮ್ಮನೆ ಟೀವಿ ರಿಮೋಟು ಯಾರ ಕೈಗೂ ಸಿಗಲ್ಲ ಅಂತ ಗೊತ್ತಿರೋ ನೀವಾದ್ರೂ ಇದನ್ನ ಓದಿ.

ಕಾರ್ಡಿಫ್‌ನ ವಾಕರ್ ಹರ್ಡಲ್ಸ್ ಓಟಗಾರ. 110 ಮೀಟರ್, ಹತ್ತು ಹರ್ಡಲ್, ಒಂದೊಂದೂ 106.7 ಸೆಂಟಿಮೀಟರ್ ಎತ್ತರ. ನಂಗಾದ್ರೆ ಹೊಕ್ಕಳು ದಾಟಿ ಮೇಲಕ್ಕೆ ಬರತ್ತೆ. ಎರಡರ ಮಧ್ಯೆ 9.14 ಮೀಟರ್, ಅಷ್ಟು ದೂರಕ್ಕೆ ಮೂರೇ ಹೆಜ್ಜೆ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಸೆಮಿಫೈನಲ್ ತನಕ ಹೋದರು. 1987ರ ವಿಶ್ವ ಒಳಾಂಗಣ ಕೂಟದಲ್ಲಿ ಕಂಚು ತಂದರು. 1992ರಲ್ಲಿ ಬಾರ್ಸಿಲೋನಾ ಒಲಿಂಪಿಕ್ಸಿಗೆ ಹೋಗೋ ತಂಡದಲ್ಲಿ ಜಾಗ ಸಿಗಲಿಲ್ಲ. ಅದಾದ ಮೇಲೇ ರಗ್ಬಿ. ಬೇರೆಯವರು ಮಂಡಿಗೆ ಪಟ್ಟಿ ಕಟ್ಟಿಕೊಂಡು ನಿವೃತ್ತಿ ಯೋಚನೆ ಮಾಡೋ ವಯಸ್ಸಲ್ಲಿ ಹೊಸ ಆಟ! 1993ರಿಂದ 1998ರವರೆಗೆ ವೇಲ್ಸ್ ಪರ 17 ಪಂದ್ಯ, 12 ಟ್ರೈ (ಚೆಂಡನ್ನ ಎದುರಾಳಿಯ ಗೆರೆಯಾಚೆ ನೆಲಕ್ಕೆ ಊರಿ ಅಂಕ ಗಳಿಸೋದು). ಬಾರ್ಸಿಲೋನಾ ತಪ್ಪಿದ್ದು ಸ್ಲೈಡಲ್ಲಿ ಇರಲೇ ಇಲ್ಲ. ಸೋಲು ಇದ್ರೆ ಸ್ಲೈಡಿನ ಅಂದ ಕೆಡತ್ತೆ ನೋಡಿ.

ಶಿಸ್ತು ಕೆಲಸಕ್ಕೆ ಬರಲ್ವಾ ಅಂತ ಕೇಳ್ತೀರಿ. ಬರತ್ತೆ ಮಾರಾಯ್ರೆ, ಟೈಮಿಗೆ ಸರಿಯಾಗಿ ಮೀಟಿಂಗಿಗೆ ಬರಕ್ಕೆ. ನಾನೂ ಕಾಲೇಜಲ್ಲಿ ಇನ್ನೂರು ಮೀಟರ್ ಓಡಿದವನೇ, ಬೆಳಿಗ್ಗೆ ಐದಕ್ಕೆ ಎದ್ದು ಗ್ರೌಂಡ್ ಸುತ್ತಿದವನೇ. ಇವತ್ತಿಗೂ ನನ್ನ ಟೀಮಲ್ಲಿ ಇಬ್ಬರು ಜಗಳ ಆಡಿದ್ರೆ ಕಾಫಿ ಕುಡಿಯೋ ನೆಪದಲ್ಲಿ ತಪ್ಪಿಸಿಕೊಳ್ತೀನಿ. ಓಟದಲ್ಲಿ ನಿಮ್ಮ ಲೇನ್ ನಿಮ್ಮದು. ಕುರ್ಚಿಯಲ್ಲಿ ಕೂತಾಗ ಎಲ್ಲರೂ ನಿಮ್ಮ ಲೇನಲ್ಲೇ ಓಡ್ತಿರ್ತಾರೆ, ಕೆಲವರು ಎದುರುಗಡೆಯಿಂದ.

ಬಿಬಿಸಿ ವೇಲ್ಸ್ ಕ್ರೀಡಾ ವಿಭಾಗದ ಮುಖ್ಯಸ್ಥ, ಆಮೇಲೆ ಇಂಗ್ಲಿಷ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಅನ್ನೋ ಸಂಸ್ಥೆಯಲ್ಲಿ ಕೆಲಸ, ಇವೆಲ್ಲ ಸರಿ. ಆದ್ರೆ ಸಿಇಒ ಕುರ್ಚಿ ಸಿಕ್ಕಿದ್ದು ಹೇಗೆ? 2023ರ ಜನವರಿಯಲ್ಲಿ ವೆಲ್ಷ್ ರಗ್ಬಿ ಯೂನಿಯನ್ ಒಳಗೆ ಹೆಣ್ಣುಮಕ್ಕಳನ್ನ ಕೀಳಾಗಿ ನಡೆಸಿಕೊಳ್ತಾರೆ ಅನ್ನೋ ಆರೋಪಗಳನ್ನ ಬಿಬಿಸಿ ಬಯಲಿಗಿಟ್ಟಿತು, ಇದ್ದ ಸಿಇಒ ರಾಜೀನಾಮೆ ಕೊಟ್ಟರು. ಆಗ ವಾಕರ್ ಹಂಗಾಮಿ ಸಿಇಒ. ಹೊತ್ತಿ ಉರಿಯೋ ಮನೆಯ ಕೀಲಿಕೈ ಅದು, ಪ್ರಮೋಷನ್ ಅಂತೆ!

ಒಂದು ತಿಂಗಳೊಳಗೆ ವೇಲ್ಸ್ ಆಟಗಾರರು ಸಂಬಳದ ಕರಾರಿನ ವಿಷಯಕ್ಕೆ ಇಂಗ್ಲೆಂಡ್ ಪಂದ್ಯ ಆಡಲ್ಲ ಅಂತ ಕೂತರು. ಪಂದ್ಯ ಫೆಬ್ರವರಿ 25ಕ್ಕೆ, ಅದೇ ವಾರ ರಾಜಿ. ಹೊರದೇಶದ ಕ್ಲಬ್‌ನಲ್ಲಿ ಆಡೋರು ವೇಲ್ಸ್ ತಂಡಕ್ಕೆ ಬರಬೇಕಾದ್ರೆ 60 ಅಂತರರಾಷ್ಟ್ರೀಯ ಪಂದ್ಯ ಆಡಿರಬೇಕು ಅನ್ನೋ ನಿಯಮ 25ಕ್ಕೆ ಇಳೀತು. ಪಂದ್ಯ ನಡೀತು, ವೇಲ್ಸ್ 10-20ಕ್ಕೆ ಸೋತಿತು. ಮುಂದಿನ ತಿಂಗಳು, ಹಿಂದೊಮ್ಮೆ 75% ಮತ ಸಿಗದೆ ಬಿದ್ದುಹೋಗಿದ್ದ ಯೂನಿಯನ್ನಿನ ಆಡಳಿತ ಸುಧಾರಣೆಗೆ ಅದರ ಸದಸ್ಯ ಕ್ಲಬ್‌ಗಳು ಒಪ್ಪಿದವು. ಪಾಠ ಬೇಕಿದ್ರೆ ಇಲ್ಲಿದೆ. ಮುನಿಸಿಕೊಂಡ ಆಟಗಾರರು, ಖಾಲಿ ಖಜಾನೆ, ಹಟಮಾರಿ ಕ್ಲಬ್‌ಗಳು, ಇವರನ್ನೆಲ್ಲ ಒಂದೇ ಮೇಜಿಗೆ ಕೂರಿಸೋದು ಹೇಗೆ ಅಂತ ಹೇಳಿಕೊಡಿ ಸ್ವಾಮಿ. ಐದು ಗಂಟೆಗೆ ಏಳೋದು ನಂಗೆ ಬರತ್ತೆ.

ಹೀಗಂದೆ ಅಂತ ನಾನೂ ಅವರನ್ನ ದೇವರ ಮಂಟಪಕ್ಕೆ ಏರಿಸ್ತಿಲ್ಲ. 2024ರ ಜನವರಿಯಿಂದ ಹೊಸ ಸಿಇಒ, ವಾಕರ್ ರಗ್ಬಿ ವಿಭಾಗದ ಕಾರ್ಯನಿರ್ವಾಹಕ ನಿರ್ದೇಶಕ. ಆ ವರ್ಷ ಮಹಿಳಾ ಆಟಗಾರ್ತಿಯರಿಗೆ ಗಡುವು ಕೊಟ್ಟು, ಸಹಿ ಹಾಕದಿದ್ರೆ ಪಂದ್ಯಗಳೇ ಇಲ್ಲ ಅನ್ನೋ ಥರ ಕರಾರಿನ ಮಾತುಕತೆ ನಡೆಸಿ, ಕೊನೆಗೆ ಯೂನಿಯನ್ ಕ್ಷಮೆ ಕೇಳಬೇಕಾಯ್ತು. 2025ರ ಜನವರಿಯಲ್ಲಿ ವಾಕರ್ ಹುದ್ದೆ ಬಿಟ್ಟರು. ತಂಡದಲ್ಲಿ ಜಾಗ ತಪ್ಪಿದ್ರೆ ಹೇಗಿರತ್ತೆ ಅಂತ ಮೈಮೇಲೇ ಅನುಭವಿಸಿದವರು ಇದ್ದ ಸಂಸ್ಥೆಯಲ್ಲೇ ಆಟಗಾರ್ತಿಯರಿಗೆ ಹೀಗಾಗಿದ್ದು ಹೇಗೆ? ಶಿಸ್ತು ಕಮ್ಮಿ ಆಗಿತ್ತು ಅಂತ ಮಾತ್ರ ಹೇಳ್ಬೇಡಿ.