ಬೆರಳು ಹೇಳಿದ ಚಾಡಿ

ನನಗೆ ಶುಗರ್ ಇದೆ ಅಂತ ಮೊದಲು ಪತ್ತೆ ಹಚ್ಚಿದ್ದು ಹಲ್ಲಿನ ಡಾಕ್ಟರು. ದವಡೆ ಹಲ್ಲು ಕೀಳಿಸಲು ಹೋಗಿದ್ದೆ. ಅವರು ಬಾಯೊಳಗೆ ಟಾರ್ಚು ಬಿಟ್ಟು, "ಶುಗರ್ ಚೆಕ್ ಮಾಡಿಸಿದ್ದೀರಾ?" ಅಂದರು. ಬಾಯಿ ಪೂರ್ತಿ ತೆರೆದಿತ್ತು. "ಆಆ" ಅಂದೆ. ಅದು "ಇಲ್ಲ" ಅಂತ ಅವರಿಗೆ ಸರಿಯಾಗಿಯೇ ಅರ್ಥವಾಯಿತು. ಬೆರಳು ಚುಚ್ಚಿ ನೋಡಿದರು. 286. "ಹಲ್ಲು ಎಲ್ಲಿಗೂ ಹೋಗಲ್ಲ, ಮೊದಲು ಇದನ್ನ ನೋಡ್ಕೊಳ್ಳಿ" ಅಂತ ಕಳಿಸಿಬಿಟ್ಟರು. ಒಂದು ನೋವು ಕಳೆದುಕೊಳ್ಳಲು ಹೋದವನು ಅದನ್ನೂ ಇಟ್ಟುಕೊಂಡು, ಇನ್ನೊಂದು ಕಾಯಿಲೆಯನ್ನೂ ಹೊತ್ತು ಮನೆಗೆ ಬಂದೆ.

ಸೂಚನೆ ಇರಲಿಲ್ಲ ಅಂತಲ್ಲ. ರಾತ್ರಿ ಮೂರು ಸಲ ಎದ್ದು ಬಚ್ಚಲಿಗೆ ಹೋಗುತ್ತಿದ್ದೆ. ತಲೆದೆಸೆಯಲ್ಲಿಟ್ಟ ನೀರಿನ ಚೊಂಬು ಬೆಳಗಾಗುವುದರೊಳಗೆ ಖಾಲಿ. ನೀರು ಕುಡಿಯುತ್ತೇನೆ, ಅದಕ್ಕೇ ಏಳುತ್ತೇನೆ. ಬೇಸಿಗೆ, ಅದಕ್ಕೇ ಕುಡಿಯುತ್ತೇನೆ. ಲೆಕ್ಕ ಸರಿಯಾಗಿಯೇ ಇತ್ತು. ಬೇಸಿಗೆ ಮುಗಿದು ಗಣೇಶನ ಹಬ್ಬ ಬಂದಿತ್ತು ಅನ್ನುವುದನ್ನು ಮಾತ್ರ ಗಮನಿಸಿರಲಿಲ್ಲ.

ಮಾರನೆ ದಿನ ಲ್ಯಾಬಿಗೆ ಹೋದೆ. ಖಾಲಿ ಹೊಟ್ಟೆಯಲ್ಲಿ ಒಮ್ಮೆ ರಕ್ತ ತೆಗೆದು, "ತಿಂಡಿ ತಿಂದು ಎರಡು ಗಂಟೆ ಬಿಟ್ಟು ಬನ್ನಿ ಸಾರ್" ಅಂದಳು ಅಲ್ಲಿದ್ದ ಹುಡುಗಿ. ಎದುರಿಗೇ ಹೋಟೆಲ್ಲು. ಇನ್ನು ಮುಂದೆ ಈ ಭಾಗ್ಯ ಇದೆಯೋ ಇಲ್ಲವೋ ಅನ್ನಿಸಿತು. ಒಂದು ಚೌಚೌ ಬಾತ್, ಅದರ ಹಿಂದೆ ಮಸಾಲೆ ದೋಸೆ, ಕೊನೆಗೆ ಎರಡು ಚಮಚ ಸಕ್ಕರೆ ಹಾಕಿದ ಕಾಫಿ. ಮತ್ತೆ ಹೋದಾಗ ಹುಡುಗಿ, "ಯಾವಾಗಲೂ ತಿನ್ನೋ ಹಾಗೇ ತಿಂದ್ರಲ್ವಾ?" ಅಂತ ಕೇಳಿದಳು. "ಹೂಂ" ಅಂದೆ. ಅದು ಈ ಕಾಯಿಲೆಯಲ್ಲಿ ನಾನು ಹೇಳಿದ ಮೊದಲನೇ ಸುಳ್ಳು.

ರಿಪೋರ್ಟು ಬಂತು. ಖಾಲಿ ಹೊಟ್ಟೆಯದು 126 ಮುಟ್ಟಿದರೆ ಕಾಯಿಲೆ, ನನ್ನದು 168. ತಿಂದ ಮೇಲಿನದು 311, ಅದರಲ್ಲಿ ಕೇಸರಿಬಾತಿನ ಪಾಲೆಷ್ಟೋ. ಎಚ್‌ಬಿಎ1ಸಿ ಅಂತ ಇನ್ನೊಂದು ರಕ್ತ ಪರೀಕ್ಷೆ, ಅದು 6.5 ಆದರೇ ಕಾಯಿಲೆ ಅನ್ನುತ್ತಾರೆ, ನನ್ನದು 8.6. ಮೂರಕ್ಕೆ ಮೂರರಲ್ಲೂ ಪಾಸು. ಎಸ್ಸೆಸ್ಸೆಲ್ಸಿಯಲ್ಲೂ ನನಗೆ ಈ ಯೋಗ ಬಂದಿರಲಿಲ್ಲ, ಗಣಿತದಲ್ಲಿ ಹೋಗಿತ್ತು.

ನಾನು ಮಂಡ್ಯದವನು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿಕೊಂಡ ಊರು. ಸುತ್ತ ಕಬ್ಬಿನ ಗದ್ದೆ, ಗದ್ದೆಗೊಂದು ಆಲೆಮನೆ. ಊರಿನ ಹೆಸರು ಹೇಳುವ ಮೊದಲು ಎಲ್ಲರೂ 'ಸಕ್ಕರೆ ನಾಡು' ಅನ್ನುತ್ತಾರೆ. ಆ ಊರಲ್ಲಿ ಹುಟ್ಟಿ ಸಕ್ಕರೆ ಬಿಟ್ಟೆ ಅನ್ನುವುದು, ಮಲ್ಪೆಯವರು ಮೀನು ಬಿಟ್ಟೆ ಅಂದಂತೆ. ಸೊಸೈಟಿ ಆಫೀಸಿನಲ್ಲಿ ವಿಷಯ ತಿಳಿಸಿದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. "ಓ, ನಿಮಗೂ ಬಂತಾ?" ಅಂದರು, ಗ್ಯಾಸ್ ಸಿಲಿಂಡರ್ ಬಂತಾ ಅನ್ನುವ ಧಾಟಿಯಲ್ಲಿ. 2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರ (ಐಸಿಎಂಆರ್) ಅಧ್ಯಯನವೊಂದು ದೇಶದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿಗೂ ಜಾಸ್ತಿ ಅಂದಿತ್ತಂತೆ. ಅದರಲ್ಲಿ ನಾಲ್ಕು ಜನ ನಮ್ಮ ಆಫೀಸಿನವರೇ. ಸಾಲ ವಸೂಲಿ ವಿಭಾಗ ಪೂರ್ತಿ.

ಆಮೇಲೆ ಸಲಹೆಗಳು ಶುರುವಾದವು. ಹಾಗಲಕಾಯಿ ರಸ, ನೆನೆಸಿದ ಮೆಂತ್ಯ, ನೇರಳೆ ಬೀಜದ ಪುಡಿ, ಅಮೃತಬಳ್ಳಿ. ನಮ್ಮ ದೊಡ್ಡಮ್ಮ ಊರಿಂದ ಫೋನು ಮಾಡಿ, "ಅನ್ನ ಬುಟ್ಬುಡು, ಮುದ್ದೆ ಉಣ್ಣಪ್ಪ. ಯಾವ ಶುಗರ್ರೂ ಹತ್ರ ಸುಳಿಯಾಕಿಲ್ಲ" ಅಂದರು. ಇದು ನನಗೆ ತುಂಬ ಹಿಡಿಸಿತು. ಒಂದು ವಾರ ಮಧ್ಯಾಹ್ನ ಎರಡು, ರಾತ್ರಿ ಎರಡು ಮುದ್ದೆ ಇಳಿಸಿದೆ. ಡಯಟೀಷಿಯನ್ ಮೇಡಂ ಹತ್ತಿರ ಹೆಮ್ಮೆಯಿಂದ ಹೇಳಿದಾಗ, "ಮುದ್ದೆ ಎಷ್ಟು ದೊಡ್ಡದು?" ಅಂತ ಕೇಳಿದರು. ಎರಡು ಕೈ ಜೋಡಿಸಿ ತೋರಿಸಿದೆ. ಅವರು ಸ್ವಲ್ಪ ಹೊತ್ತು ನನ್ನ ಕೈಯನ್ನೇ ನೋಡಿದರು. ರಾಗಿಯಲ್ಲಿ ನಾರು ಜಾಸ್ತಿ, ನಿಜ. ಆದರೆ ಅದರಲ್ಲಿರುವ ಪಿಷ್ಟವೂ ಹೊಟ್ಟೆಗೆ ಹೋದ ಮೇಲೆ ಸಕ್ಕರೆಯೇ ಆಗುತ್ತದಂತೆ. "ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದಿರಲಿ, ಒಂದೇ. ಸೊಪ್ಪು, ಕಾಳು ಜಾಸ್ತಿ ಹಾಕ್ಕೊಳ್ಳಿ" ಅಂದರು. ನಿಂಬೆಹಣ್ಣಿನಷ್ಟು ಮುದ್ದೆಯನ್ನು ನಮ್ಮ ಕಡೆ ಮಗುವಿಗೆ ಅನ್ನಪ್ರಾಶನಕ್ಕೂ ಇಡುವುದಿಲ್ಲ. ಹೋಗಲಿ, ಮದ್ದೂರು ವಡೆ ಸಿಹಿಯಲ್ಲವಲ್ಲ ಅಂತ ಕೇಳಿದೆ. ಅಕ್ಕಿ ಹಿಟ್ಟು, ರವೆ, ಮೈದಾ ಅಂತ ಬೆರಳು ಮಡಿಸುತ್ತಾ ಎಣಿಸಿದರು. ನಾಲ್ಕನೇ ಬೆರಳಿಗೆ ಎಣ್ಣೆ ಬಂತು. ನಾನು ಎದ್ದು ಬಂದೆ.

ಪಕ್ಕದ ಮನೆಯ ಮೇಷ್ಟ್ರು ಕೊಟ್ಟದ್ದು ಮಧುನಾಶಿನಿ ಎಲೆ. "ಹೆಸರಲ್ಲೇ ಇದೆಯಲ್ರೀ" ಅಂದರು. ಎರಡು ಎಲೆ ಚೆನ್ನಾಗಿ ಅಗಿದು ನುಂಗಿದೆ, ಕಹಿ. ಅಲ್ಲಿಂದ ನೇರ ಹೋದದ್ದು ಸಹೋದ್ಯೋಗಿಯ ಮಗಳ ಆರತಕ್ಷತೆಗೆ. ಹೆಂಡತಿ ಯಾರ ಸೀರೆಯನ್ನೋ ಮುಟ್ಟಿ ನೋಡುತ್ತಿದ್ದಾಗ ಒಂದು ಮೈಸೂರು ಪಾಕ್ ಎತ್ತಿಕೊಂಡು ಕಂಬದ ಹಿಂದೆ ಹೋದೆ. ಬಾಯಿಗೆ ಹಾಕಿದೆ. ಸಿಹಿಯೇ ಇಲ್ಲ! ತುಪ್ಪ ಬೆರೆಸಿದ ಮರಳು ಅಗಿದ ಹಾಗೆ. ಅಡುಗೆಯವರು ಸಕ್ಕರೆ ಮರೆತರೇನೋ ಅಂತ ಖಾತ್ರಿ ಮಾಡಿಕೊಳ್ಳಲು ಇನ್ನೊಂದು ತಿಂದೆ. ಅದೂ ಮರಳು. ಪಕ್ಕದಲ್ಲಿದ್ದ ಹುಡುಗ ಮಾತ್ರ ಕಣ್ಣು ಮುಚ್ಚಿಕೊಂಡು ಸವಿಯುತ್ತಿದ್ದ. ಆಮೇಲೆ ಗೊತ್ತಾಯಿತು: ಆ ಎಲೆ ನಾಲಿಗೆಯ ಮೇಲಿನ ಸಿಹಿ ರುಚಿಯನ್ನು ಸ್ವಲ್ಪ ಹೊತ್ತು ಕಟ್ಟಿಹಾಕುತ್ತದೆ. ನಾಶವಾದದ್ದು ನಾಲಿಗೆಯ ಮಧು, ಮೈಸೂರು ಪಾಕಿನದ್ದಲ್ಲ. ಎರಡು ತುಂಡಿನ ಪಾಪ ಪೂರ್ತಿ ಬಂತು, ಸುಖ ಒಂದು ಚೂರೂ ಬರಲಿಲ್ಲ. ಇಂಥ ನಷ್ಟದ ವ್ಯವಹಾರ ನಮ್ಮ ಸೊಸೈಟಿಯಲ್ಲೂ ನಡೆದಿಲ್ಲ.

ಹೆಂಡತಿಗೆ ಅನುಮಾನ ಬಂತೋ ಏನೋ, ಮಾರನೆ ದಿನವೇ ಗ್ಲುಕೋಮೀಟರ್ ತಂದಳು. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು, ಆದರೆ ಮನೆಗೊಬ್ಬ ಪೊಲೀಸಪ್ಪ ಬಂದು ಕೂತ ಹಾಗಾಯಿತು. ಬೆಳಗ್ಗೆ ಎದ್ದ ಕೂಡಲೇ ಬೆರಳು ಚುಚ್ಚಬೇಕು, ಸ್ಟ್ರಿಪ್ಪಿಗೆ ಒಂದು ಹನಿ ತಾಗಿಸಬೇಕು, ಅವಳು ಕ್ಯಾಲೆಂಡರಿನಲ್ಲಿ ಬರೆಯಬೇಕು. ಹಾಲಿನ ಲೆಕ್ಕದ ಕೆಳಗೆ ನನ್ನ ರಕ್ತದ ಲೆಕ್ಕ.

ಜನವರಿಯಲ್ಲಿ ಭಾಮೈದ ಆಲೆಮನೆಯಿಂದ ಒಂದು ಪೆಟ್ಟಿಗೆ ಅಚ್ಚು ಬೆಲ್ಲ ತಂದ. ಸಂಕ್ರಾಂತಿ ಹತ್ತಿರ, ಎಳ್ಳು ಬೀರಬೇಕು. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು ಅಂತಾರಲ್ಲ, ಬೆಲ್ಲ ತಿನ್ನದವನು ಎಂಥ ಮಾತಾಡಬೇಕು ಅಂತ ಹೆಂಡತಿಯನ್ನು ಕೇಳಿದೆ. "ಬಾಯಿ ಮುಚ್ಚಿಕೊಂಡಿರಬೇಕು, ಎರಡಕ್ಕೂ ಒಳ್ಳೇದು" ಅಂದಳು. ಮುಂಜಾನೆ ಆರಕ್ಕೆ ಎದ್ದು, ಇರುವೆ ಹತ್ತೀತು ಅಂತ ಆ ಬೆಲ್ಲವನ್ನೆಲ್ಲ ಸ್ಟೀಲ್ ಡಬ್ಬಕ್ಕೆ ಜೋಡಿಸಿಟ್ಟೆ. ದೇವರಾಣೆ, ತಿನ್ನಲಿಲ್ಲ. ಆಮೇಲೆ ಕೈಯನ್ನು ಲುಂಗಿಗೆ ಒರೆಸಿಕೊಂಡು ಬೆರಳು ಚುಚ್ಚಿದೆ.

413.

ಹೆಂಡತಿಯ ಕೈಯಲ್ಲಿದ್ದ ಪೆನ್ನು ಕೆಳಗೆ ಬಿತ್ತು. ನನಗೆ ಇದ್ದಕ್ಕಿದ್ದ ಹಾಗೆ ತಲೆ ಸುತ್ತಿತು, ಕಣ್ಣು ಮಂಜಾಯಿತು, ಪಾದ ಜೋಮು ಹಿಡಿಯಿತು. ಶುಗರ್ ಬಗ್ಗೆ ಓದಿದ್ದೆಲ್ಲ ಒಂದೇ ನಿಮಿಷದಲ್ಲಿ ಬಂತು. ಹೆಂಡತಿ ಬಾಗಿಲಿಗೆ ಬೀಗ ಹಾಕಿದಳು, ಮೇಷ್ಟ್ರು ಚಪ್ಪಲಿಯನ್ನೂ ಹಾಕಿಕೊಳ್ಳದೆ ಆಟೋ ಹತ್ತಿದರು. ನನಗೆ ನೆಂಟರೆಲ್ಲ ಒಬ್ಬೊಬ್ಬರಾಗಿ ನೆನಪಾದರು, ಸಾಲ ಕೊಡಬೇಕಾದವರು ಮೊದಲು.

ಡಾಕ್ಟರು ಮೀಟರು ನೋಡಿ, ನನ್ನನ್ನೂ ನೋಡಿ, "ಹೋಗಿ ಸೋಪು ಹಾಕಿ ಕೈ ತೊಳೆದು ಬನ್ನಿ" ಅಂದರು. ತೊಳೆದು ಬಂದೆ. ಅದೇ ಮೀಟರು, ಬೇರೆ ಸ್ಟ್ರಿಪ್ಪು. 134.

"ಬೆಳಗ್ಗೆ ಏನು ಮುಟ್ಟಿದ್ರಿ?"

"ಬೆಲ್ಲ" ಅಂದೆ. ಬೆರಳ ತುದಿಗೆ ಅಂಟಿದ್ದ ಬೆಲ್ಲ ರಕ್ತದ ಹನಿಯಲ್ಲಿ ಕರಗಿ ಮೀಟರಿಗೆ ಸಿಕ್ಕಿತ್ತು. ಡಾಕ್ಟರು ಕನ್ನಡಕ ತೆಗೆದು ನಕ್ಕರು. ಮೇಷ್ಟ್ರು ಬರಿಗಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡರು. ಹೆಂಡತಿ ನಗಲಿಲ್ಲ. "ಸುಮ್ನೆ ಮುಟ್ಟಿದ್ದು ಕಣೇ" ಅಂತ ಆಟೋದಲ್ಲಿ ದಾರಿಯುದ್ದಕ್ಕೂ ಹೇಳಿದೆ. ನಿಜ ಹೇಳಿದ ದಿನವೇ ಯಾರೂ ನಂಬಲಿಲ್ಲ.

ಸುಳ್ಳು ಹೇಳಿದ ದಿನಗಳ ಲೆಕ್ಕ ಮಾರ್ಚ್ ತಿಂಗಳಲ್ಲಿ ಬಂತು. ಮತ್ತೆ ಎಲ್ಲ ಪರೀಕ್ಷೆ ಮಾಡಿಸಬೇಕಿತ್ತು. ಆಡಿಟ್ ಬರುತ್ತದೆ ಅಂದರೆ ಮೂರು ದಿನ ಮೊದಲು ಫೈಲು ಸರಿ ಮಾಡುವುದು ನನಗೆ ಅಭ್ಯಾಸ. ಮೂರು ದಿನ ಸೊಪ್ಪು, ಸೌತೆಕಾಯಿ ತಿಂದು ಎರಡೂ ಹೊತ್ತು ವಾಕ್ ಹೋದೆ. ಖಾಲಿ ಹೊಟ್ಟೆಯದು 112 ಬಂತು. ಎದೆಯುಬ್ಬಿಸಿ ಕೂತೆ. ಡಾಕ್ಟರು ಪುಟ ತಿರುಗಿಸಿ, "ಎಚ್‌ಬಿಎ1ಸಿ 7.7. ಇಳಿದಿದೆ, ಆದ್ರೆ ಸಾಲದು. ಹಬ್ಬ ಜೋರಾಗಿತ್ತು ಅನ್ಸುತ್ತೆ" ಅಂದರು. ರಕ್ತದ ಕೆಂಪು ಕಣ ಸುಮಾರು 120 ದಿನ ಬದುಕುತ್ತದಂತೆ. ಅದಕ್ಕೆ ಅಂಟಿದ ಸಕ್ಕರೆ ಬಿಡುವುದೇ ಇಲ್ಲವಂತೆ. ಎರಡು ಮೂರು ತಿಂಗಳು ನಾನು ಕಂಬದ ಹಿಂದೆ ಮಾಡಿದ್ದೆಲ್ಲ ಅಲ್ಲಿ ಎಂಟ್ರಿ ಆಗಿರುತ್ತದೆ. ಇಂಥ ಆಡಿಟರು ನಮ್ಮ ಇಲಾಖೆಗೆ ಬರದಿರಲಿ.

ಮನೆಗೆ ಬಂದವಳೇ ಹೆಂಡತಿ ಬೆಲ್ಲದ ಡಬ್ಬ ಇಳಿಸಿ, ಒಳಗಿದ್ದ ಅಚ್ಚುಗಳನ್ನು ಎಣಿಸಿ, ಮುಚ್ಚಳದ ಮೇಲೆ ಸ್ಕೆಚ್ ಪೆನ್ನಿನಲ್ಲಿ '23' ಅಂತ ದಪ್ಪಗೆ ಬರೆದಳು. "ಅಡುಗೆಗೆ ತೆಗೆದರೆ ನಾನೇ ತಿದ್ದಿ ಬರೀತೀನಿ" ಅಂದಳು. ಹತ್ತು ದಿನ ತಡೆದುಕೊಂಡೆ. ನಿನ್ನೆ ಅವಳು ಸಂತೆಗೆ ಹೋದಾಗ ಒಂದೇ ಒಂದು ಅಚ್ಚು ತೆಗೆದೆ. ತಿಂದು, ಕೈಯನ್ನು ಸೋಪು ಹಾಕಿ ತೊಳೆದುಕೊಂಡೆ, ಈ ಸಲ ಎರಡು ಸಲ. ಮುಚ್ಚಳದ ಮೇಲಿನ 3ನ್ನು 2 ಮಾಡಲು ಆಗುತ್ತದೋ ನೋಡೋಣ ಅಂತ ಡಬ್ಬ ಕೆಳಗಿಳಿಸಿ ಎಣಿಸಿದೆ. ತಪ್ಪಾಯಿತೇನೋ ಅಂತ ಇನ್ನೊಮ್ಮೆ ಎಣಿಸಿದೆ.

19 ಇತ್ತು.